ಪಾಸ್‌ಕೋಡ್ 'ಕುರ್ಲಾ' ಅಂದಾಗ ನಕ್ಕವರಿಗೆ

ಆನ್‌ಲೈನ್ ತಾಳಮದ್ದಳೆಯ ಜೂಮ್ ರೆಕಾರ್ಡಿಂಗ್ ನೋಡಲು ತಲೆಗೆ ನೂರು ರೂಪಾಯಿ ಇಟ್ಟಿದ್ದೇವೆ. ಹಾಲ್ ಬಾಡಿಗೆಯಿಲ್ಲದೆ ಮುಂಬೈ ಪಕ್ಕದ ನಮ್ಮ ಡೊಂಬಿವಲಿ ಸಂಘಕ್ಕೆ ಕಾಸು ತರುವುದು ಇದೊಂದೇ. ಹಾಗಿದ್ದೂ ಹೋದ ವರ್ಷ ನಾಲ್ಕೈದು ಸಾವಿರ ವಾಪಸ್ ಕೊಟ್ಟೆವು. "ಪಾಸ್‌ವರ್ಡ್ ತಪ್ಪು ಅಂತ ಬರ್ತದೆ ಮಾರಾಯ್ರೆ," ಎಲ್ಲರದೂ ಒಂದೇ ರಾಗ. ಪಾಸ್‌ಕೋಡೇ ತೆಗೆದುಬಿಡಿ ಎಂದಿತು ಸಮಿತಿ. ಆಮೇಲೆ ದುಡ್ಡು ಕೊಡುವವರು ಯಾರು?

ಮೀಟಿಂಗಿನ ಪಾಸ್‌ಕೋಡ್ ಬೇರೆ, ರೆಕಾರ್ಡಿಂಗಿನದು ಬೇರೆ; ಅದನ್ನೇ ಇದಕ್ಕೂ ಒತ್ತುವವರ ಕಥೆ ಬಿಡಿ. ನನ್ನ ತಲೆ ತಿಂದದ್ದು ಮುಲುಂಡಿನ ಒಬ್ಬ ಅಕ್ಕ. ನಿವೃತ್ತ ಟೀಚರ್, ಒಂದಕ್ಷರ ತಪ್ಪುವವರಲ್ಲ. ಟೈಪ್ ಮಾಡಿದರೆ ತಪ್ಪೀತು ಎಂದು ಕಾಪಿ ಮಾಡಿಯೇ ಹಾಕುವವರು. ವಿಚಿತ್ರವೆಂದರೆ, ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಒತ್ತುವ ಅವರ ಯಜಮಾನರಿಗೆ ಅದೇ ಲಿಂಕ್ ಓಪನ್ ಆಗುತ್ತಿತ್ತು.

ಮನೆಗೇ ಹೋದೆ. ಅಕ್ಕ ಪೇಸ್ಟ್ ಮಾಡಿದಾಗ ಪರದೆಯ ಮೇಲಿನ ಚುಕ್ಕೆ ಎಣಿಸಿದೆ: ಹನ್ನೆರಡು. ಪಾಸ್‌ಕೋಡ್ ಇದ್ದದ್ದು ಹತ್ತಕ್ಷರ. ಹಿರಿಯರಿಗೆ ಎದ್ದು ಕಾಣಲಿ ಎಂದು ನಮ್ಮ ಕಾರ್ಯದರ್ಶಿ ಪಾಸ್‌ಕೋಡಿನ ಆಚೀಚೆ ಸ್ಟಾರ್ ಹಾಕಿ, ದಪ್ಪಕ್ಷರ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಓದುವಾಗ ಸ್ಟಾರ್ ಕಾಣುವುದಿಲ್ಲ, ಮೆಸೇಜ್ ಕಾಪಿ ಮಾಡಿದರೆ ಜೊತೆಗೇ ಬರುತ್ತದೆ. ಜಾಗ್ರತೆ ಮಾಡಿದವರೇ ಹೊರಗುಳಿದದ್ದು!

ಸ್ಟಾರ್ ನಿಲ್ಲಿಸಿದರೂ ದೂರು ಅರ್ಧಕ್ಕೆ ಇಳಿಯಿತಷ್ಟೆ. ಜೂಮ್ ತಾನೇ ಕೊಡುವ ಪಾಸ್‌ಕೋಡಿನಲ್ಲಿ ಸೊನ್ನೆಯೋ ಓ (O) ಅಕ್ಷರವೋ, ಒಂದರ ಅಂಕಿಯೋ ಎಲ್ (l) ಅಕ್ಷರವೋ ಎಂಬ ಗೊಂದಲ. ಕೆಲವರ ಕೀಬೋರ್ಡಿನಲ್ಲಿ ಕನ್ನಡ ಅಂಕಿಯೇ ಬೀಳುತ್ತಿತ್ತು. ನಡುವೆ ಪಾಸ್‌ಕೋಡನ್ನು ಲಿಂಕಿನೊಳಗೇ ಸೇರಿಸುವ ಸೆಟ್ಟಿಂಗ್ ಆನ್ ಮಾಡಿ ನೋಡಿದೆ. ದೂರು ಸೊನ್ನೆ. ಆದರೆ ದುಡ್ಡು ಕೊಟ್ಟವರು ಅರವತ್ತರ ಆಸುಪಾಸು, ನೋಡಿದ ಲೆಕ್ಕ ಇನ್ನೂರರ ಹತ್ತಿರ. ಲಿಂಕ್ ಸುರತ್ಕಲ್‌ವರೆಗೂ ಹೋಗಿತ್ತು. ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗದ ಅನ್‌ಲಿಸ್ಟೆಡ್ ವಿಡಿಯೋ ಕೂಡ ಅಷ್ಟೇ, ಲಿಂಕ್ ಸಿಕ್ಕವರಿಗೆಲ್ಲ ಪುಕ್ಕಟೆ. ಗೂಗಲ್ ಡ್ರೈವಿನಲ್ಲಿ ಹೆಸರು ಹೆಸರಿಗೆ ಅನುಮತಿ ಕೊಡಲು ಹೋಗಿ ಎರಡು ರಾತ್ರಿ ನಿದ್ದೆಗೆಟ್ಟೆ. ಅರ್ಧ ಜನಕ್ಕೆ ತಮ್ಮ ಜೀಮೇಲ್ ಯಾವುದೆಂದೇ ನೆನಪಿಲ್ಲ.

ಕೊನೆಗೆ ಶೇರ್ ಸೆಟ್ಟಿಂಗಿನಲ್ಲಿ ಪಾಸ್‌ಕೋಡ್ ನಾನೇ ಬರೆಯತೊಡಗಿದೆ: ಲೋಕಲ್ ರೈಲಿನ ಸ್ಟೇಷನ್ ಹೆಸರು, ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಹಿಂದೆ ನಾಲ್ಕಂಕಿ. ದಾದರ್, ಕುರ್ಲಾ. ದಿನಾ ಬೋರ್ಡ್ ನೋಡುವವರಿಗೆ ಸ್ಪೆಲ್ಲಿಂಗ್ ಹೇಳಿಕೊಡಬೇಕೆ? ಡೊಂಬಿವಲಿ ಮಾತ್ರ ಬೇಡ, ಅದನ್ನು ನಾಲ್ಕು ಮಂದಿ ನಾಲ್ಕು ಥರ ಬರೆಯುತ್ತಾರೆ. "ಇದೆಂಥ ಪಾಸ್‌ವರ್ಡ್, ಮಕ್ಕಳಾಟವಾ?" ಎಂದು ನಕ್ಕರು. ಅಂಕಿಯನ್ನು ಹೇಗೆ ಆರಿಸುತ್ತೇನೆ, ಸೋರಿದರೆ ಯಾರಿಂದ ಎಂದು ಹೇಗೆ ಹಿಡಿಯುತ್ತೇನೆ ಎಂಬುದು ನನ್ನಲ್ಲೇ ಇರಲಿ. ಆರೆಂಟು ಪ್ರಸಂಗ ಆಯಿತು, ಒಂದು ರೂಪಾಯಿ ವಾಪಸ್ ಹೋಗಿಲ್ಲ.

ಇಷ್ಟಾದರೂ ತೆರೆಯದಿದ್ದರೆ ಪಾಸ್‌ಕೋಡಿನ ಗೊಡವೆ ಬಿಡಿ. ಸೈನ್ ಇನ್ ಆದವರಿಗೆ ಮಾತ್ರ ಎಂಬ ಸೆಟ್ಟಿಂಗ್ ಆನ್ ಇದೆಯೇ ನೋಡಿ. ಅಥವಾ ಜಾಗ ಉಳಿಸಲು ಯಾರೋ ಇಟ್ಟ ಆಟೋ ಡಿಲೀಟ್ ರೆಕಾರ್ಡಿಂಗನ್ನೇ ನುಂಗಿರುತ್ತದೆ. ಟ್ರ್ಯಾಶಿನಲ್ಲಿ 30 ದಿನ ಸಿಗುತ್ತದೆ. ಥಾಣೆಯ ಸಂಘದವರು ಈಗ ಇದಕ್ಕೇ ನನ್ನನ್ನು ಕರೆಯುತ್ತಾರೆ, ತಿಂಗಳಿಗೆ ಐನೂರು ತೆಗೆದುಕೊಳ್ಳುತ್ತೇನೆ.