ಅಟ್ಟದ ಮೇಲಿನ ಸದ್ದು

ನಮ್ಮದು ತಿಪಟೂರು ಕಡೆ. ಕೊಬ್ಬರಿ ಮಾಡುವ ಮನೆ ಅಂದಮೇಲೆ ಅಟ್ಟ ಇದ್ದೇ ಇರುತ್ತದೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ನೆ ಬಿಡುತ್ತೇವೆ. ಕೊಬ್ಬರಿ ಒಣಗಿ ಚಿಪ್ಪು ಬಿಟ್ಟ ಮೇಲೆ, ಕಾಯಿ ಅಲ್ಲಾಡಿದರೆ ಲೊಡಲೊಡ ಅನ್ನುತ್ತದೆ. 2022ರ ನವೆಂಬರ್‌ನಲ್ಲಿ ಒಂದು ದಿನ ರಾತ್ರಿ ಎರಡು ಗಂಟೆಗೆ ಆ ಸದ್ದು ಕೇಳಿ ಎದ್ದೆ. ಹೆಗ್ಗಣ ಇರಬೇಕು ಅಂತ ಟಾರ್ಚ್ ಹಿಡಿದು ಏಣಿ ಹತ್ತಿದೆ. ಕಾಯಿ ರಾಶಿ ಮಧ್ಯೆ ಕಂಬಳಿ ಹೊದ್ದುಕೊಂಡು ನನ್ನ ಮಗ ಕೂತಿದ್ದ. ಮುಖದ ಮೇಲೆ ಫೋನಿನ ಬೆಳಕು.

"ಅಪ್ಪ, ಎರಡೇ ನಿಮಿಷ. ಮ್ಯಾಚ್ ಮುಗೀಲಿ" ಅಂದ.

ಆಗ ಅವನು ಎಂಟನೇ ಕ್ಲಾಸು. ಫೋನ್ ಕೊಡಿಸಿದವನು ನಾನೇ, 2020ರಲ್ಲಿ ಆನ್‌ಲೈನ್ ಪಾಠಕ್ಕೆ ಅಂತ. ಪಾಠ ನಿಂತಿತು, ಫೋನ್ ಉಳಿಯಿತು. 2022ರ ಫೆಬ್ರವರಿಯಲ್ಲಿ ಸರ್ಕಾರ ಫ್ರೀ ಫೈರ್ ಅನ್ನೋ ಮೊಬೈಲ್ ಆಟ ನಿಷೇಧಿಸಿದಾಗ ಪೀಡೆ ತೊಲಗಿತು ಅಂದುಕೊಂಡಿದ್ದೆ. ಹುಡುಗರು ಅದರದ್ದೇ ಇನ್ನೊಂದು ಅವತಾರ, ಫ್ರೀ ಫೈರ್ ಮ್ಯಾಕ್ಸ್‌ಗೆ ಹೋಗಿದ್ದರು.

ಎಲ್ಲ ಅಪ್ಪಂದಿರೂ ಮಾಡೋದನ್ನೇ ನಾನೂ ಮಾಡಿದೆ. ಫೋನ್ ಕಿತ್ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೂರು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಯಾರದೋ ಹಳೇ ಫೋನ್ ಅವನ ಟಿಫಿನ್ ಡಬ್ಬಿಯಲ್ಲಿ ಸಿಕ್ಕಿತು. ಅವತ್ತು ಕೈ ಮಾಡಿದೆ. ಬರೆಯೋಕೂ ನಾಚಿಕೆ ಆಗುತ್ತದೆ.

ಹೆಂಡತಿ ಹಟ ಹಿಡಿದು 14416ಕ್ಕೆ ಫೋನ್ ಮಾಡಿಸಿದಳು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್; ಹಿಂದಿನ ತಿಂಗಳಷ್ಟೇ ಶುರುವಾಗಿತ್ತು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನು ಒಂದೇ ಸಮ ದೂರು ಹೇಳಿದೆ. ಎಲ್ಲ ಕೇಳಿಸಿಕೊಂಡ ಆ ಮೇಡಂ, "ಮಗ ಯಾರ ಜೊತೆ ಆಡ್ತಾನೆ ಸರ್?" ಅಂದರು. ಕ್ವಿಂಟಾಲ್ ಕೊಬ್ಬರಿ ಇವತ್ತು ಎಷ್ಟಕ್ಕೆ ಹೋಯಿತು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಇದು ಗೊತ್ತಿರಲಿಲ್ಲ.

ಹೊಡೆದ ಮೇಲೆ ಅವನನ್ನು ಮಾತಾಡಿಸೋದು ಸುಲಭ ಇರಲಿಲ್ಲ. ಭಾನುವಾರ ತೋಟಕ್ಕೆ ನೀರು ಬಿಡೋಕೆ ಕರೆದುಕೊಂಡು ಹೋದೆ. ಮೋಟಾರ್ ಹಾಕಿ ಬದುವಿನ ಮೇಲೆ ಕೂತೆವು. ತುಂಬಾ ಹೊತ್ತಾದ ಮೇಲೆ ಬಾಯಿ ಬಿಟ್ಟ. ನಾಲ್ಕು ಜನರ ತಂಡವಂತೆ. ಒಬ್ಬ ಅದೇ ಕ್ಲಾಸಿನವನು. ಇನ್ನೊಬ್ಬ ಅರಸೀಕೆರೆಯ ನಮ್ಮ ಅಕ್ಕನ ಮಗ! ಮತ್ತೊಬ್ಬ ಐದನೇ ಕ್ಲಾಸಿನ ತನಕ ಇವನ ಬೆಂಚಿನಲ್ಲೇ ಇದ್ದು, ಅಪ್ಪನಿಗೆ ವರ್ಗವಾಗಿ ಹೊಸದುರ್ಗಕ್ಕೆ ಹೋದವನು. "ಮಧ್ಯದಲ್ಲಿ ಬಿಟ್ಟು ಬಂದ್ರೆ ಉಳಿದೋರು ಸಾಯ್ತಾರೆ ಅಪ್ಪ. ಆಮೇಲೆ ನನ್ನ ಕರೆಯೋದೇ ಇಲ್ಲ" ಅಂದ. ನಾನು ಬೀರುವಿಗೆ ಬೀಗ ಹಾಕಿದಾಗ ಈ ಮೂವರೂ ಒಳಗೆ ಸೇರಿಹೋಗಿದ್ದರು.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ ಸಂಜೆ 7ಕ್ಕೆ ಸೈರನ್ ಆದರೆ ಇಡೀ ಊರು ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್ ಮಾಡುತ್ತದೆ ಅಂತ ಪೇಪರ್‌ನಲ್ಲಿ ಓದಿದ್ದೆ. ನಮಗೆ ಊರು ಬೇಡ, ನಾಲ್ಕು ಮನೆ ಸಾಕು. ಮೂರು ಮನೆಗೂ ಫೋನ್ ಮಾಡಿದೆ. ಅಕ್ಕ ತಕ್ಷಣ ಒಪ್ಪಿದಳು. ಒಬ್ಬರು "ನಮ್ಮ ಹುಡುಗ ಅಂಥವನಲ್ಲ" ಅಂದರು. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿದರು. ಸಂಜೆ ಒಂದು ಗಂಟೆ ಆಟ, ಒಂಬತ್ತಕ್ಕೆ ನಾಲ್ಕೂ ಮನೆಯಲ್ಲಿ ಫೋನ್ ಅಮ್ಮನ ಕೈಗೆ. ಎಲ್ಲರೂ ಒಟ್ಟಿಗೆ ನಿಲ್ಲಿಸಿದರೆ ಯಾರೂ ಯಾರನ್ನೂ ಬಿಟ್ಟುಹೋದ ಹಾಗಾಗಲ್ಲ, ಅಲ್ವಾ?

ಕಣದಲ್ಲಿ ಎರಡು ಕಂಬ ನೆಟ್ಟು ವಾಲಿಬಾಲ್ ನೆಟ್ ಕಟ್ಟಿದೆ. ಮೊದಲ ಶನಿವಾರ ಬಂದವನು ಒಬ್ಬನೇ. ಒಂದು ತಿಂಗಳಲ್ಲಿ ಎಂಟು ಹುಡುಗರು. ಇವಳಿಗೆ ಮಂಡಕ್ಕಿ ಒಗ್ಗರಣೆ ಹಾಕಿ ಸಾಕಾಗುತ್ತಿತ್ತು.

ಕಷ್ಟ ಆಗಿದ್ದು ನನ್ನ ಫೋನಿನದು. ಊಟಕ್ಕೆ ಕೂತಾಗ ನೋಡುತ್ತಿದ್ದೆ. "ಹರಾಜಿನ ರೇಟ್ ನೋಡ್ತಿದ್ದೀನಿ" ಅಂದೆ. "ರಾತ್ರಿ ಒಂಬತ್ತಕ್ಕೆ ಯಾವ ಹರಾಜಪ್ಪ?" ಅಂದ ಮಗ. ಅವತ್ತಿಂದ ನನ್ನದೂ ಅವಳ ಕೈಗೆ.

ಆಟ ಪೂರ್ತಿ ಬಿಟ್ಟಿಲ್ಲ. ಬೇಸಿಗೆ ರಜೆಯಲ್ಲಿ ಮತ್ತೆ ಜಾಸ್ತಿ ಆಗಿತ್ತು. ಅದೇ ರಜೆಯಲ್ಲಿ ಹೊಸದುರ್ಗದ ಹುಡುಗ ಎರಡು ದಿನ ಉಳಿಯೋಕೆ ಬಂದ. ರಾತ್ರಿ ಹನ್ನೊಂದಕ್ಕೆ ಅಟ್ಟದ ಮೇಲೆ ಲೊಡಲೊಡ. ಏಣಿ ಹತ್ತಿ ಇಣುಕಿದೆ. ಫೋನ್ ಒಂದೇ, ತಲೆ ಎರಡು. ಕೆಮ್ಮಿದೆ.

"ಮ್ಯಾಚ್ ಮುಗೀಲಿ!" ಅಂತ ಇಬ್ಬರೂ ಒಟ್ಟಿಗೆ ಕೂಗಿದರು.