ಗೇಟ್ ರಿಜಿಸ್ಟರಿನ ಒಂದು ಪುಟ: ಕಾರ್ಮಿಕ ನ್ಯಾಯಾಲಯದಲ್ಲಿ ನನ್ನ ಅನುಭವ

ಕೈಗಾರಿಕಾ ವಿವಾದಗಳ ಕಾಯ್ದೆ, 1947ರ 36ನೇ ಕಲಮಿನಡಿ, ಸಂಘದ ಪದಾಧಿಕಾರಿಯಾಗಿ ನಾನು ವಜಾಗೊಂಡ ಸದಸ್ಯರೊಬ್ಬರ ಪರ ಹಾಜರಾಗಿದ್ದೆ. ಅವರು ರಾತ್ರಿ ಪಾಳಿಯ ನಡುವೆ ಅನುಮತಿಯಿಲ್ಲದೆ ಹೊರಹೋಗಿದ್ದರೆಂಬ ಆರೋಪ ನಿಂತಿದ್ದದ್ದು ಗೇಟ್ ರಿಜಿಸ್ಟರಿನ ಒಂದೇ ಪುಟದ ಜೆರಾಕ್ಸ್ ಮೇಲೆ. ಅದರಲ್ಲಿ ಗಂಟೆಯ ಅಂಕಿಯನ್ನು ತಿದ್ದಿದಂತೆ ಕಾಣುತ್ತಿತ್ತು. ಪಕ್ಕದಲ್ಲಿ ಯಾರ ಕಿರುಸಹಿಯೂ ಇರಲಿಲ್ಲ.

ಪುಟವೇ ಸುಳ್ಳೆಂದು ವಾದಿಸಬೇಕೆಂದು ಅವರು ಪಟ್ಟುಹಿಡಿದರು. ನಾನು ಒಪ್ಪಲಿಲ್ಲ. ದಾಖಲೆ ನಿಜವೇ ಎಂಬುದು ಒಂದು ಪ್ರಶ್ನೆ, ಅದನ್ನು ಎದುರಿಸಲು ಅವಕಾಶವಿತ್ತೇ ಎಂಬುದು ಇನ್ನೊಂದು. ವಜಾಕ್ಕೆ ಮುನ್ನ ಆಡಳಿತವರ್ಗ ನಡೆಸಿದ್ದ ಆಂತರಿಕ ವಿಚಾರಣೆ ನ್ಯಾಯಸಮ್ಮತವಾಗಿತ್ತೇ ಎಂಬ ಪ್ರಾಥಮಿಕ ವಿವಾದಾಂಶದಲ್ಲಿ ಮೊದಲು ತೀರ್ಮಾನವಾಗುವುದು ಎರಡನೆಯದು. ಆ ವಿಚಾರಣೆಯ ನಡಾವಳಿಯನ್ನು ಸಾಲುಸಾಲಾಗಿ ಓದಿದಾಗ, ಮೂಲ ರಿಜಿಸ್ಟರ್ ತೋರಿಸಬೇಕೆಂದು ಅವರು ಕೊಟ್ಟಿದ್ದ ಅರ್ಜಿ ಕಡತದಲ್ಲೇ ಸಿಕ್ಕಿತು. ಅದರ ಮೇಲೆ ಯಾವ ಆದೇಶವೂ ಆಗಿರಲಿಲ್ಲ. ಪ್ರತಿಯನ್ನು ಹಾಜರುಪಡಿಸಿದ ಮೇಲ್ವಿಚಾರಕರು ಅದನ್ನು ಬರೆದವರಲ್ಲ, ಬರೆದ ಕಾವಲುಗಾರರನ್ನು ಕರೆದೇ ಇರಲಿಲ್ಲ. ಹಾಗಿರುವಾಗ ಪಾಟೀ ಸವಾಲು ಮಾಡುವುದಾದರೂ ಯಾರನ್ನು? ಸಾಕ್ಷ್ಯ ಕಾಯ್ದೆಯ ಬಿಗಿ ನಿಯಮಗಳು ಆಂತರಿಕ ವಿಚಾರಣೆಗೆ ಅನ್ವಯಿಸವೆಂದು ಎದುರು ಪಕ್ಷ ಹೇಳಿದ್ದು ಸರಿಯೇ. ಆದರೆ ಸಹಜ ನ್ಯಾಯದಿಂದ, ಅಂದರೆ ಆರೋಪವನ್ನು ಎದುರಿಸಲು ನ್ಯಾಯವಾದ ಅವಕಾಶ ಕೊಡುವುದರಿಂದ, ಅಂಥ ವಿನಾಯಿತಿ ಇಲ್ಲ. ದಾಖಲೆಯನ್ನು ಹಾಜರುಪಡಿಸಿದ ಮಾತ್ರಕ್ಕೆ ಅದರಲ್ಲಿರುವ ಸಂಗತಿ ಸಾಬೀತಾಗದೆಂದು ಸುಪ್ರೀಂ ಕೋರ್ಟ್ ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ವಿಚಾರಣೆ ನ್ಯಾಯಸಮ್ಮತವಲ್ಲವೆಂದು ಆದೇಶವಾಯಿತು. ಇಲ್ಲಿಗೆ ಗೆದ್ದೆವೆಂದು ಅನೇಕರು ಮೈಮರೆಯುತ್ತಾರೆ, ಅದು ದೊಡ್ಡ ತಪ್ಪು. ಆಡಳಿತವರ್ಗವು ತನ್ನ ಲಿಖಿತ ಹೇಳಿಕೆಯಲ್ಲೇ ಕೋರಿದ್ದರೆ ಆರೋಪವನ್ನು ನ್ಯಾಯಾಲಯದ ಮುಂದೆ ಹೊಸದಾಗಿ ರುಜುವಾತುಪಡಿಸಬಹುದೆಂಬುದು, ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ ಮತ್ತು ಲಕ್ಷ್ಮೀದೇವಮ್ಮ ನಡುವಿನ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಗಟ್ಟಿಗೊಳಿಸಿದ ನಿಯಮ. ನಮ್ಮ ಎದುರುದಾರರು ಹಾಗೆ ಕೋರಿದ್ದರು.

ಹೀಗಾಗಿ ಮೂಲ ರಿಜಿಸ್ಟರ್ ಬಂತು, ಕಾವಲುಗಾರರೂ ಬಂದರು. ಸುತ್ತಲಿನ ಬರಹ ನೀಲಿ ಶಾಯಿಯಲ್ಲಿತ್ತು, ತಿದ್ದಿದ ಅಂಕಿ ಮಾತ್ರ ಕಪ್ಪು. ನಮೂದು ತಮ್ಮದು, ತಿದ್ದುಪಡಿ ತಮ್ಮದಲ್ಲ ಎಂದು ಅವರು ನುಡಿದರು. ಬರೆದುಕೊಂಡಿದ್ದ ಉಳಿದ ಪ್ರಶ್ನೆಗಳನ್ನು ನಾನು ಕೇಳಲಿಲ್ಲ. ಆ ಉತ್ತರದ ನಂತರ ಕೆದಕಿದರೆ ಸಾಕ್ಷಿಗೆ ವಿವರಣೆ ಕೊಡಲು ದಾರಿ ಮಾಡಿಕೊಟ್ಟಂತಾಗುತ್ತಿತ್ತು.

ಆರೋಪ ಸಾಬೀತಾಗಲಿಲ್ಲ, ಮರುನೇಮಕದ ಆದೇಶ ಬಂತು. ಹಿಂಬಾಕಿ ವೇತನ ಅರ್ಧ ಮಾತ್ರ ಸಿಕ್ಕಿತು. ವಜಾಗೊಂಡಿದ್ದ ಅವಧಿಯಲ್ಲಿ ನಮ್ಮ ಸದಸ್ಯರು ಬೇರೆಡೆ ದುಡಿದ ತಿಂಗಳುಗಳನ್ನು ನಾವೇ ಪ್ರಮಾಣಪತ್ರದಲ್ಲಿ ತಿಳಿಸಿದ್ದೆವು. ಎದುರು ಪಕ್ಷದಿಂದ ಮೂಲ ದಾಖಲೆ ಕೇಳಿದ ನಾನು ನಮ್ಮ ಕಡೆಯ ಸಂಗತಿಯನ್ನು ಮುಚ್ಚಿಡಲು ಒಪ್ಪಿರಲಿಲ್ಲ.