ತುಳು ಅಮ್ಮ, ಕನ್ನಡ ಅಪ್ಪ: ಮಗುವಿಗೆ ಎರಡೂ ಭಾಷೆ ಕಲಿಸುವುದು ಹೇಗೆ?

ಹುಟ್ಟಿದ ದಿನದಿಂದಲೇ ಎರಡರಲ್ಲೂ ಮಾತಾಡಿಸಿ. ಮಗುವಿಗೆ ಗೊಂದಲ ಆಗುತ್ತದೆ ಅನ್ನುವ ಭಯ ಬೇಡ. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರಾದ ಪೀಲ್ ಮತ್ತು ಲ್ಯಾಂಬರ್ಟ್ 10 ವರ್ಷದ ಮಕ್ಕಳ ಬುದ್ಧಿಶಕ್ತಿ ಪರೀಕ್ಷಿಸಿದಾಗ, ಎರಡು ಭಾಷೆ ಬಲ್ಲವರು ಹಿಂದೆ ಬೀಳುವುದಿರಲಿ, ಮುಂದೆಯೇ ಇದ್ದರು. ಆದರೆ ಬುದ್ಧಿ ಜಾಸ್ತಿ ಆಗಲಿ ಅಂತ ಕಲಿಸಬೇಡಿ, ಆ ಲಾಭದ ಬಗ್ಗೆ ಸಂಶೋಧಕರಲ್ಲೇ ಇನ್ನೂ ಒಮ್ಮತವಿಲ್ಲ. ಅಜ್ಜಿ ಜೊತೆ ಹರಟೆ ಹೊಡೆಯಲು ಬಂದರೆ ಅದೇ ದೊಡ್ಡದು, ಅಲ್ವಾ?

"ನನಗೆ ನುಪ್ಪು ಬೇಕು" (ನುಪ್ಪು ಅಂದರೆ ತುಳುವಿನಲ್ಲಿ ಅನ್ನ) ಅಂತ ಮಗು ಬೆರೆಸಿ ಹೇಳಿದರೆ ಗದರಬೇಡಿ, ಅದು ತಪ್ಪಲ್ಲ. "ನುಪ್ಪು ಬೋಡಾ?" ಅಂತ ಸುಮ್ನೆ ತುಳುವಿನಲ್ಲೇ ಕೇಳಿ.

ಮಗುವಿಗೆ ಎಷ್ಟು ಪದ ಬರುತ್ತದೆ ಅಂತ ಎಣಿಸುವಾಗ ಎರಡೂ ಭಾಷೆಯವನ್ನು ಸೇರಿಸಿ. 18 ತಿಂಗಳಾದರೂ ಯಾವುದರಲ್ಲೂ ಒಂದು ಪದವೂ ಬರದಿದ್ದರೆ ವೈದ್ಯರಿಗೆ ತೋರಿಸಿ. ಆದರೆ ಆ ಕಾರಣಕ್ಕೆ ದಯವಿಟ್ಟು ಒಂದು ಭಾಷೆಯನ್ನು ಬಿಟ್ಟುಬಿಡಬೇಡಿ.